ಸೊಲ್ಲಾಪುರದಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು?



ಸೊಲ್ಲಾಪುರದಿಂದ ವಿಮಾನ ಹಾರಲು ಶುರುವಾದ ಮೇಲೆ ಸಂಘಕ್ಕೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಕೇಳಿಬರುತ್ತಿದೆ. ಅದೇ ಮೇಲಿನ ತಲೆಬರಹ. ಕೇಳುವವರು ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕಡೆಯವರು. ಆ ತುದಿಯಿಂದ ಮಂಜೇಶ್ವರ, ಕುಂಬಳೆ, ಕಾಸರಗೋಡಿನವರು. ಬೀಗತನ ಬೆಳೆಸಿದವರಿದ್ದಾರೆ, ಮಕ್ಕಳನ್ನು ಮಂಗಳೂರು, ಮಣಿಪಾಲದಲ್ಲಿ ಓದಿಸುವವರಿದ್ದಾರೆ, ಅಲ್ಲಿನ ಆಸ್ಪತ್ರೆಗೆ ಹೋಗಬೇಕಾದವರಿದ್ದಾರೆ. ಹಲವರು ಮೊಬೈಲಿನಲ್ಲಿ ನೋಡಿ "೫೩೦ ಕಿಲೋಮೀಟರ್, ಒಂದು ಗಂಟೆ ಹತ್ತು ನಿಮಿಷ ಅಂತ ತೋರಿಸ್ತದ ಸರ್, ಟಿಕೆಟ್ ಮಾತ್ರ ಸಿಗವಲ್ದು" ಎನ್ನುತ್ತಾರೆ.

ಅಂಕಿ ಸರಿಯಾಗಿದೆ. ಟಿಕೆಟ್ ಸಿಗದಿರುವುದೂ ಸರಿಯಾಗಿದೆ, ಏಕೆಂದರೆ ಸೊಲ್ಲಾಪುರ ಮತ್ತು ಮಂಗಳೂರಿನ ನಡುವೆ ನೇರ ವಿಮಾನವೇ ಇಲ್ಲ. ಇಲ್ಲದ ವಿಮಾನಕ್ಕೆ ಒಂದು ಗಂಟೆ ಹತ್ತು ನಿಮಿಷ ಎಂಬ ಲೆಕ್ಕ ಎಲ್ಲಿಂದ ಬಂತು, ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ, ಗಡಿಯಲ್ಲಿರುವ ನಾವು ಏನನ್ನು ಕೇಳಬೇಕು ಎಂಬುದನ್ನು ಈ ಸಲದ ಸಂಚಿಕೆಯಲ್ಲಿ ವಿವರವಾಗಿ ನೋಡೋಣ.

ಅಂಕಿ ಎಲ್ಲಿಂದ ಬರುತ್ತದೆ?

ಭೂಮಿ ಗುಂಡಗಿರುವುದರಿಂದ ಎರಡು ಊರುಗಳ ನಡುವಿನ ಅತಿ ಕಡಿಮೆ ದೂರವನ್ನು ಗೋಲದ ಮೇಲೆ ದಾರ ಬಿಗಿಹಿಡಿದು ಎಳೆದಂತೆ ಅಳೆಯುತ್ತಾರೆ. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಸಾಕು, ಗಣಿತ ಉಳಿದದ್ದನ್ನು ಹೇಳುತ್ತದೆ. ಸೊಲ್ಲಾಪುರದ ಹೊಟಗಿ ರಸ್ತೆಯ ನಿಲ್ದಾಣದಿಂದ ಮಂಗಳೂರಿನ ಕೆಂಜಾರು ಗುಡ್ಡದ ಮೇಲಿನ ನಿಲ್ದಾಣಕ್ಕೆ ಹೀಗೆ ಅಳೆದರೆ ಸುಮಾರು ೫೩೦ ಕಿ.ಮೀ. ಬರುತ್ತದೆ. ವಿಶೇಷವೆಂದರೆ ಕಲಬುರಗಿಯಿಂದ ಮಂಗಳೂರಿಗೆ ಅಳೆದರೂ ಹೆಚ್ಚುಕಡಿಮೆ ಅಷ್ಟೇ.

ಸಮಯದ ಲೆಕ್ಕವೂ ಹೀಗೇ ಸರಳ. ಜೆಟ್ ವಿಮಾನ ಗಂಟೆಗೆ ಸುಮಾರು ೮೦೦ ಕಿ.ಮೀ. ಹೋಗುತ್ತದೆ ಎಂದು ಹಿಡಿದು, ಏರಲು, ಇಳಿಯಲು, ನೆಲದ ಮೇಲೆ ಓಡಾಡಲು ಅರ್ಧ ಗಂಟೆ ಕೂಡಿಸುತ್ತಾರೆ. ೫೩೦ನ್ನು ೮೦೦ರಿಂದ ಭಾಗಿಸಿದರೆ ೪೦ ನಿಮಿಷ, ಮೇಲೆ ೩೦. ಒಟ್ಟು ಒಂದು ಗಂಟೆ ಹತ್ತು ನಿಮಿಷ. ಸಣ್ಣ ಊರುಗಳಿಗೆ ಬರುವ ವಿಮಾನಗಳಲ್ಲಿ ಎಟಿಆರ್ ಎಂಬ ರೆಕ್ಕೆಪಂಖದವೂ ಇವೆ. ಅವು ಗಂಟೆಗೆ ಸುಮಾರು ೫೦೦ ಕಿ.ಮೀ. ಮಾತ್ರ ಓಡುತ್ತವೆ, ಅದರಲ್ಲಿ ಹೋದರೆ ಒಂದೂವರೆ ಗಂಟೆ. ಈ ಲೆಕ್ಕ ಹಾಕುವ ಯಂತ್ರಕ್ಕೆ ಆ ಮಾರ್ಗದಲ್ಲಿ ವಿಮಾನ ಇದೆಯೋ ಇಲ್ಲವೋ ಬೇಕಾಗಿಲ್ಲ. ಆದೋನಿಯ ಹತ್ತಿರದ ಕರ್ನೂಲು, ನೀಲಗಿರಿಯ ಹತ್ತಿರದ ಕೊಯಮತ್ತೂರು ಎಂದು ಕೇಳಿದರೂ ಅದು ಉತ್ತರ ಕೊಡುತ್ತದೆ.

ಮನೆ ಬಿಟ್ಟ ಹೊತ್ತು, ಮನೆ ಮುಟ್ಟಿದ ಹೊತ್ತು

ಗುಮಾಸ್ತನಾಗಿ ಮೂರು ದಶಕ ದುಡಿದ ನನಗೆ ಪ್ರವಾಸ ಭತ್ಯೆಯ ಬಿಲ್ಲುಗಳನ್ನು ನೋಡಿ ನೋಡಿ ಒಂದು ಅಭ್ಯಾಸವಾಗಿದೆ. ಟಿ.ಎ. ಬಿಲ್ಲಿನಲ್ಲಿ ರೈಲು ಎಷ್ಟು ತಾಸು ಓಡಿತು ಎಂದು ಬರೆಯುವುದಿಲ್ಲ. ಎಲ್ಲಿಂದ, ಎಷ್ಟು ಗಂಟೆಗೆ ಹೊರಟಿರಿ. ಎಲ್ಲಿಗೆ, ಎಷ್ಟು ಗಂಟೆಗೆ ತಲುಪಿದಿರಿ ಎಂದು ಬರೆಯಬೇಕು. ದಿನಭತ್ಯೆ ನಿರ್ಧಾರವಾಗುವುದು ಅದರ ಮೇಲೆ. ಅದೇ ನಮೂನೆಯಲ್ಲಿ ಅಕ್ಕಲಕೋಟೆಯ ಒಂದು ಮನೆಯಿಂದ ಕಾಸರಗೋಡಿನ ಒಂದು ಮನೆಗೆ ಬಿಲ್ಲು ಹಾಕೋಣ. ಬೆಂಗಳೂರಿನ ಮೂಲಕ ಎರಡು ವಿಮಾನ, ಎರಡೂ ಒಂದೇ ದಿನ ಸಿಕ್ಕವು, ಎರಡೂ ಸಮಯಕ್ಕೆ ಸರಿಯಾಗಿ ಬಿಟ್ಟವು ಎಂದೇ ಇಟ್ಟುಕೊಳ್ಳೋಣ.

ಅಕ್ಕಲಕೋಟೆಯಿಂದ ಸೊಲ್ಲಾಪುರ ನಿಲ್ದಾಣಕ್ಕೆ: ೧ ಗಂಟೆ
ವಿಮಾನಕ್ಕೆ ಮೊದಲು ನಿಲ್ದಾಣದಲ್ಲಿ: ೧ ಗಂಟೆ ೩೦ ನಿಮಿಷ
ಸೊಲ್ಲಾಪುರ–ಬೆಂಗಳೂರು ವಿಮಾನ: ೧ ಗಂಟೆ ೨೦ ನಿಮಿಷ
ಬೆಂಗಳೂರಿನಲ್ಲಿ ಕಾಯುವುದು: ೩ ಗಂಟೆ
ಬೆಂಗಳೂರು–ಮಂಗಳೂರು ವಿಮಾನ: ೧ ಗಂಟೆ ೫ ನಿಮಿಷ
ಇಳಿದು ಸಾಮಾನು ಪಡೆದು ಹೊರಬರಲು: ೩೦ ನಿಮಿಷ
ಮಂಗಳೂರು ನಿಲ್ದಾಣದಿಂದ ಕಾಸರಗೋಡಿಗೆ: ೧ ಗಂಟೆ ೪೫ ನಿಮಿಷ

ಒಟ್ಟು ೧೦ ಗಂಟೆ ೧೦ ನಿಮಿಷ. ಇದರಲ್ಲಿ ವಿಮಾನದೊಳಗೆ ಕಳೆದದ್ದು ಎರಡೂವರೆ ಗಂಟೆಗೂ ಕಡಿಮೆ. ಉಳಿದದ್ದೆಲ್ಲ ರಸ್ತೆ, ಸರದಿ ಮತ್ತು ಕಾಯುವಿಕೆ. ದೂರದ ಲೆಕ್ಕವೂ ಬದಲಾಗುತ್ತದೆ. ಸೊಲ್ಲಾಪುರದಿಂದ ಬೆಂಗಳೂರಿಗೆ ಸುಮಾರು ೫೨೫ ಕಿ.ಮೀ., ಅಲ್ಲಿಂದ ಮಂಗಳೂರಿಗೆ ಸುಮಾರು ೩೦೫. ಒಟ್ಟು ೮೩೦ ಕಿ.ಮೀ. ಮುಂಬೈ ಮೂಲಕ ಹೋದರೆ ಮೊದಲು ವಾಯವ್ಯಕ್ಕೆ ಹೋಗಿ ಮತ್ತೆ ದಕ್ಷಿಣಕ್ಕೆ ಇಳಿಯಬೇಕು. ಅದು ೧,೦೭೦ ಕಿ.ಮೀ. ದಾಟುತ್ತದೆ, ನೇರ ದೂರದ ಎರಡರಷ್ಟು.

ನೇರ ವಿಮಾನವಿದ್ದಿದ್ದರೆ ಇದೇ ಬಿಲ್ಲು ಸುಮಾರು ಆರು ಗಂಟೆಗೆ ಮುಗಿಯುತ್ತಿತ್ತು. ಆರಕ್ಕೂ ಹತ್ತಕ್ಕೂ ಇರುವ ವ್ಯತ್ಯಾಸ ನಾಲ್ಕೇ ಗಂಟೆಯದಲ್ಲವೇ ಎನ್ನಬಹುದು. ನೆನಪಿಡಿ, ಈ ಹತ್ತು ಗಂಟೆ ಎಲ್ಲವೂ ಕೂಡಿಬಂದ ದಿನದ ಮಾತು. ಎರಡು ಬೇರೆ ಬೇರೆ ಕಂಪನಿಗಳ ಟಿಕೆಟ್ಟನ್ನು ಬೇರೆ ಬೇರೆಯಾಗಿ ಕೊಂಡಿದ್ದರೆ ಬೆಂಗಳೂರಿನಲ್ಲಿ ಸಾಮಾನು ಬಿಡಿಸಿಕೊಂಡು ಹೊರಬಂದು ಮತ್ತೆ ಒಳಹೋಗಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ದುಡ್ಡು ಹೋದಂತೆಯೇ. ಅಲ್ಲಿ ಎರಡು ಟರ್ಮಿನಲ್‌ಗಳಿವೆ; ಒಂದರಿಂದ ಇನ್ನೊಂದಕ್ಕೆ ಬಸ್ಸು ಹತ್ತಬೇಕು. ಮೂರು ಗಂಟೆ ಇಟ್ಟುಕೊಂಡದ್ದು ಅದಕ್ಕೇ. ವಾರದಲ್ಲಿ ಕೆಲವೇ ದಿನ ಹಾರುವ ವಿಮಾನವಾದರೆ ಕಾಯುವುದು ಗಂಟೆಗಳಲ್ಲಿ ಅಲ್ಲ, ದಿನಗಳಲ್ಲಿ.

ಮಳೆಗಾಲದ್ದು ಬೇರೆಯೇ ಲೆಕ್ಕ. ಮಂಗಳೂರಿನದು ಗುಡ್ಡ ಕಡಿದು ಮಾಡಿದ, ತುದಿಗಳಲ್ಲಿ ಕಣಿವೆಯಿರುವ ರನ್‌ವೇ. ೨೦೧೦ರ ಮೇ ೨೨ರಂದು ದುಬೈನಿಂದ ಬಂದ ವಿಮಾನ ಅದನ್ನು ದಾಟಿ ಕಣಿವೆಗೆ ಉರುಳಿ ೧೫೮ ಮಂದಿ ತೀರಿಕೊಂಡರು. ಅವರಲ್ಲಿ ಕಾಸರಗೋಡಿನ ಕಡೆಯವರೂ ಅನೇಕರು. ಜೂನ್–ಜುಲೈಯಲ್ಲಿ ಮೋಡ ಕವಿದು ಕಣ್ಣಿಗೆ ದಾರಿ ಕಾಣದಿದ್ದಾಗ ವಿಮಾನಗಳನ್ನು ಬೇರೆ ಊರಿಗೆ ತಿರುಗಿಸುವುದುಂಟು. ಅದು ಆಗಬೇಕಾದದ್ದೇ. ಪ್ರಯಾಣಿಕರಾದ ನಾವು ಆ ತಿಂಗಳುಗಳಲ್ಲಿ ಬಿಗಿಯಾದ ಲೆಕ್ಕ ಹಾಕಿಕೊಂಡು ಹೊರಡಬಾರದು.

ಉಳಿದ ದಾರಿಗಳು

ಗೋವಾ ಮೂಲಕ: ಸೊಲ್ಲಾಪುರದಿಂದ ಗೋವಾದ ಮೋಪಾ ನಿಲ್ದಾಣಕ್ಕೆ ೨೦೨೫ರ ಜೂನ್‌ನಲ್ಲಿ ವಿಮಾನ ಶುರುವಾಯಿತು. ನೇರ ದೂರ ಸುಮಾರು ೩೦೦ ಕಿ.ಮೀ. ಮೋಪಾದಿಂದ ರಸ್ತೆಯಲ್ಲಿ ಮಡಗಾಂವ್‌ಗೆ ಬಂದು ಕೊಂಕಣ ರೈಲು ಹಿಡಿಯಬೇಕು. ಮಡಗಾಂವ್–ಮಂಗಳೂರು ವಂದೇ ಭಾರತ್ ಸುಮಾರು ನಾಲ್ಕೂವರೆ ಗಂಟೆಯಲ್ಲಿ ತಲುಪಿಸುತ್ತದೆ. ಎಲ್ಲ ಹೊಂದಿಬಂದರೆ ಮನೆಯಿಂದ ಮನೆಗೆ ಹನ್ನೆರಡು–ಹದಿಮೂರು ಗಂಟೆ. ಗೋವಾದ ಸದಸ್ಯರಲ್ಲಿ ಒಂದು ರಾತ್ರಿ ತಂಗಿ ಹೋಗುವವರಿಗೆ ಇದು ಒಳ್ಳೆಯ ದಾರಿ; ಅವಸರದವರಿಗೆ ಅಲ್ಲ.

ರೈಲಿನಲ್ಲಿ: ವಿಜಯಪುರ–ಮಂಗಳೂರು ರೈಲು ಬಾಗಲಕೋಟೆ, ಗದಗ, ಹುಬ್ಬಳ್ಳಿ, ಅರಸೀಕೆರೆ, ಹಾಸನ, ಸಕಲೇಶಪುರ ಘಾಟಿಯ ಮೇಲೆ ಹೋಗುತ್ತದೆ. ಮಧ್ಯಾಹ್ನ ಹೊರಟರೆ ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಮಂಗಳೂರು. ಹೆಚ್ಚುಕಡಿಮೆ ಹತ್ತೊಂಬತ್ತು ಗಂಟೆ. ಅಕ್ಕಲಕೋಟೆಯಿಂದ ವಿಜಯಪುರಕ್ಕೆ ಬಂದು, ಮಂಗಳೂರಿನಿಂದ ಕಾಸರಗೋಡಿಗೆ ಹೋಗುವುದನ್ನೂ ಸೇರಿಸಿದರೆ ಪೂರಾ ಒಂದು ದಿನ. ಆದರೆ ಒಂದೇ ಟಿಕೆಟ್, ಮಲಗಿ ಹೋಗಬಹುದು, ಬುತ್ತಿ ಕಟ್ಟಿಕೊಂಡು ಹೋಗಬಹುದು, ಖರ್ಚು ವಿಮಾನದ ಸಣ್ಣ ಪಾಲು. ನಮ್ಮ ಸದಸ್ಯರಲ್ಲಿ ಬಹುಪಾಲು ಜನ ಈಗ ಹೋಗುವುದು ಹೀಗೆಯೇ, ಇಲ್ಲವೇ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ.

ಹೀಗಾಗಿ ಎರಡು ಸಣ್ಣ ನಿಲ್ದಾಣಗಳ ನಡುವಿನ ಪ್ರಯಾಣವನ್ನು ತೀರ್ಮಾನಿಸುವುದು ದೂರವಲ್ಲ, ನಡುವಿನ ಕೊಂಡಿ. ಕೊಂಡಿ ಕೂಡಿದರೆ ಹತ್ತು ಗಂಟೆ, ತಪ್ಪಿದರೆ ರೈಲಿಗಿಂತಲೂ ತಡ.

ನೇರ ವಿಮಾನ ಏಕಿಲ್ಲ?

ಸೊಲ್ಲಾಪುರದವರು ವಿಮಾನಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದು ನಿಮಗೆ ಗೊತ್ತೇ ಇದೆ. ಹಾರಾಟಕ್ಕೆ ಅಡ್ಡಿಯೆಂದು ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು ೨೦೨೩ರ ಜೂನ್‌ನಲ್ಲಿ ಕೆಡವಿದರು. ಕಬ್ಬು ಬೆಳೆಗಾರರಿಗೆ ಅದು ಸಣ್ಣ ನಷ್ಟವಲ್ಲ. ೨೦೨೪ರ ಸೆಪ್ಟೆಂಬರ್‌ನಲ್ಲಿ ನಿಲ್ದಾಣದ ಉದ್ಘಾಟನೆಯಾಯಿತು, ೨೦೨೫ರಲ್ಲಿ ಗೋವಾ, ಬಳಿಕ ಅಕ್ಟೋಬರ್‌ನಲ್ಲಿ ಮುಂಬೈ ಸೇವೆ ಬಂತು. ಇಷ್ಟು ಬೆಲೆ ತೆತ್ತು ಬಂದ ನಿಲ್ದಾಣದಿಂದ ಎಲ್ಲೆಲ್ಲಿಗೆ ಹಾರಬೇಕು ಎಂಬುದು ಹೇಗೆ ತೀರ್ಮಾನವಾಗುತ್ತದೆ ಎಂದು ತಿಳಿದುಕೊಳ್ಳಬೇಕು.

ಸಣ್ಣ ಊರುಗಳ ನಡುವೆ ವಿಮಾನ ಓಡಿಸಿದರೆ ಆರಂಭದಲ್ಲಿ ನಷ್ಟ ಖಚಿತ. ಅದನ್ನು ತುಂಬಿಕೊಡಲು ಕೇಂದ್ರ ಸರ್ಕಾರ ೨೦೧೬ರಲ್ಲಿ ಉಡಾನ್ ಯೋಜನೆ ತಂದಿತು. ಮೊದಲ ವಿಮಾನ ೨೦೧೭ರ ಏಪ್ರಿಲ್‌ನಲ್ಲಿ ಶಿಮ್ಲಾದಿಂದ ದೆಹಲಿಗೆ ಹಾರಿತು. ಸುಮಾರು ಒಂದು ಗಂಟೆಯ, ೫೦೦ ಕಿ.ಮೀ. ಆಸುಪಾಸಿನ ಪ್ರಯಾಣಕ್ಕೆ, ನಿಗದಿ ಮಾಡಿದ ಸೀಟುಗಳಿಗೆ, ಆಗ ೨,೫೦೦ ರೂಪಾಯಿಯ ಮಿತಿ ಹಾಕಿದರು. ಕಡಿಮೆ ಬಿದ್ದ ಹಣವನ್ನು ಮೂರು ವರ್ಷ ಯೋಜನೆಯಿಂದ ಭರ್ತಿ ಮಾಡುತ್ತಾರೆ. ಅದರಲ್ಲಿ ನೂರಕ್ಕೆ ಎಂಬತ್ತು ಕೇಂದ್ರದ ನಿಧಿಯಿಂದ, ಇಪ್ಪತ್ತು ರಾಜ್ಯದಿಂದ. ಯಾವ ಮಾರ್ಗ ಎಂದು ಮೊದಲು ಮುಂದೆ ಬಂದು ಹೇಳಬೇಕಾದದ್ದು ವಿಮಾನ ಕಂಪನಿ.

ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಮೂರು ವರ್ಷ ಮುಗಿದ ಮೇಲೆ ಅಥವಾ ಅದಕ್ಕೂ ಮೊದಲೇ ವಿಮಾನ ನಿಂತುಹೋಗುವುದು. ಬೀದರ್‌ನಲ್ಲಿ ೨೦೨೦ರಲ್ಲಿ ಸೇವೆ ಶುರುವಾಗಿ, ನಿಂತು, ಬೇರೆ ಕಂಪನಿಯಿಂದ ಮತ್ತೆ ಶುರುವಾಗಿ, ಮತ್ತೆ ನಿಂತು, ೨೦೨೫ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರದ ಹಣದ ನೆರವಿನಿಂದ ಮತ್ತೊಮ್ಮೆ ಆರಂಭವಾಯಿತು. ಜಹೀರಾಬಾದ್, ನಾರಾಯಣಖೇಡ ಕಡೆಯ ನಮ್ಮ ಸದಸ್ಯರಿಗೆ ಈ ಕತೆ ಚೆನ್ನಾಗಿ ಗೊತ್ತು.

ಎರಡನೆಯದು ನಮಗೆ ಸಂಬಂಧಿಸಿದ ಮುಖ್ಯ ಮಾತು. ಬೀದರ್‌ಗೆ ಕರ್ನಾಟಕ ಹಣ ಕೊಟ್ಟದ್ದು ಬೆಂಗಳೂರಿಗೆ ಹೋಗುವ ವಿಮಾನಕ್ಕೆ. ಸೊಲ್ಲಾಪುರಕ್ಕೆ ಮಹಾರಾಷ್ಟ್ರ ಸರ್ಕಾರ ತನ್ನ ಬೊಕ್ಕಸದಿಂದ ನೆರವು ಕೊಡಲು ಒಪ್ಪಿದ್ದು ಮುಂಬೈಗೆ ಹೋಗುವ ವಿಮಾನಕ್ಕೆ. ಎರಡೂ ಸರಿಯಾದ ನಿರ್ಧಾರಗಳೇ. ಆಯಾ ಜಿಲ್ಲೆಯ ಜನ ತಮ್ಮ ರಾಜಧಾನಿಗೆ ಹೋಗಿಬರಬೇಕಲ್ಲ. ಆದರೆ ಪ್ರತಿ ಸರ್ಕಾರವೂ ದಾರಿಯನ್ನು ತನ್ನ ರಾಜಧಾನಿಯ ಕಡೆಗೇ ಎಳೆಯುತ್ತದೆ. ಗಡಿಯುದ್ದಕ್ಕೂ ಇರುವ ನಮ್ಮ ನಂಟಸ್ತಿಕೆ ಮಾತ್ರ ಅಡ್ಡಡ್ಡವಾಗಿ ಹರಡಿದೆ: ಸೊಲ್ಲಾಪುರದಿಂದ ಕಾಸರಗೋಡಿಗೆ, ರಾಯದುರ್ಗದಿಂದ ಗೋವಾಕ್ಕೆ, ತಾಳವಾಡಿಯಿಂದ ಜತ್ತಕ್ಕೆ. ಸೊಲ್ಲಾಪುರ–ಮಂಗಳೂರು ವಿಮಾನ ಹಾರಿದರೆ ಅದರ ಲಾಭ ಕಾಸರಗೋಡಿನವರಿಗೂ ಉಂಟು. ಆದರೆ ನಿಲ್ದಾಣ ಇರುವುದು ಕರ್ನಾಟಕದಲ್ಲಿ, ಹತ್ತುವವರು ಮಹಾರಾಷ್ಟ್ರದವರು, ಇಳಿದು ಹೋಗುವವರು ಕೇರಳಕ್ಕೆ. ಮೂರು ರಾಜ್ಯಗಳಲ್ಲಿ ಯಾವುದೂ ಇದು ತನ್ನ ಮಾರ್ಗ ಎಂದು ಹೇಳುವುದಿಲ್ಲ.

ಹೊಸೂರಿನದೂ ಇಂಥದೇ ಪರಿಸ್ಥಿತಿ. ೨೦೨೪ರ ಜೂನ್‌ನಲ್ಲಿ ತಮಿಳುನಾಡು ಸರ್ಕಾರ ಹೊಸೂರಿಗೆ ಎರಡು ಸಾವಿರ ಎಕರೆಯ ವಿಮಾನ ನಿಲ್ದಾಣ ಘೋಷಿಸಿತು. ಬೆಂಗಳೂರು ನಿಲ್ದಾಣದ ಒಪ್ಪಂದದಲ್ಲಿ ೧೫೦ ಕಿ.ಮೀ. ಒಳಗೆ ೨೦೩೩ರವರೆಗೆ ಬೇರೆ ನಿಲ್ದಾಣ ಬಾರದೆಂಬ ಷರತ್ತಿದೆ. ಹೊಸೂರಿನ ಸದಸ್ಯರು ಇವತ್ತೂ ಬೆಂಗಳೂರನ್ನು ಈ ತುದಿಯಿಂದ ಆ ತುದಿಗೆ ಹಾಯ್ದು ದೇವನಹಳ್ಳಿ ಮುಟ್ಟಬೇಕು. ಹಾರುವ ಹೊತ್ತಿಗಿಂತ ನಗರ ದಾಟುವ ಹೊತ್ತೇ ದೊಡ್ಡದಾಗುವ ದಿನಗಳುಂಟು.

ಇದು ಯಾರಿಗೆ ಬೇಕು?

ಮದುವೆ, ಮುಂಜಿ, ಸಮ್ಮೇಳನಗಳಿಗೆ ವಿಮಾನ ಬೇಕಿಲ್ಲ. ತಿಂಗಳ ಮೊದಲೇ ರೈಲು ಟಿಕೆಟ್ ಮಾಡಿಸಿದರಾಯಿತು. ತೊಂದರೆ ಬರುವುದು ಕಾಯಿಲೆ ಮತ್ತು ಸಾವಿನಲ್ಲಿ. ಬೆಳಿಗ್ಗೆ ಆರಕ್ಕೆ ಸುದ್ದಿ ಬಂದರೆ ಆರು ಗಂಟೆಯ ದಾರಿಯವರು ಮಧ್ಯಾಹ್ನದೊಳಗೆ ಮುಖ ನೋಡುತ್ತಾರೆ. ಇಪ್ಪತ್ತನಾಲ್ಕು ಗಂಟೆಯ ದಾರಿಯವರಿಗೆ ಮೂರನೆಯ ದಿನದ ಕಾರ್ಯಕ್ಕೆ ಹೋಗುವುದಷ್ಟೇ ಉಳಿಯುತ್ತದೆ. ಹೀಗೆ ಹಡೆದವರ ಮುಖ ಕಡೆಗೆ ನೋಡಲಾಗದ ಹೆಣ್ಣುಮಕ್ಕಳು ನಮ್ಮ ಸದಸ್ಯರ ಮನೆಗಳಲ್ಲಿದ್ದಾರೆ.

ದೂರ ಎಂಬುದು ಕಿಲೋಮೀಟರಿನಲ್ಲಷ್ಟೇ ಇರುವುದಿಲ್ಲ ಎಂಬುದನ್ನು ಕಾಸರಗೋಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಕಾಸರಗೋಡಿನಿಂದ ಮಂಗಳೂರು ಐವತ್ತೇ ಕಿ.ಮೀ. ೨೦೨೦ರ ಮಾರ್ಚ್ ಕೊನೆಯಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಗಡಿಯಲ್ಲಿ ನಿಂತರು. ಕೆಲವರು ಚಿಕಿತ್ಸೆ ಸಿಗದೆ ತೀರಿಕೊಂಡರು. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಐವತ್ತು ಕಿ.ಮೀ.ಯೇ ಮುಗಿಯದ ದಾರಿಯಾದ ದಿನಗಳವು. ಗಡಿಯಲ್ಲಿರುವವರಿಗೆ ದಾರಿ ಇದೆಯೇ ಎಂಬುದು ಮೊದಲ ಪ್ರಶ್ನೆ, ಎಷ್ಟು ದೂರ ಎಂಬುದು ಎರಡನೆಯದು.

ಹಾಗಾದರೆ ಏನು ಕೇಳೋಣ?

ಒಂದು ಎಟಿಆರ್ ವಿಮಾನದಲ್ಲಿ ಸುಮಾರು ೭೨ ಸೀಟು. ವಾರಕ್ಕೆ ಮೂರು ದಿನ ಹೋಗಿಬಂದರೆ ೪೩೨ ಸೀಟು. ಅದರಲ್ಲಿ ನೂರಕ್ಕೆ ಎಪ್ಪತ್ತು ತುಂಬಬೇಕೆಂದರೂ ವಾರಕ್ಕೆ ೩೦೦ ಜನ ಬೇಕು. ನಮ್ಮ ಸಂಘದ ಸದಸ್ಯರಿಂದ ಮಾತ್ರ ಅದು ತುಂಬುವುದಿಲ್ಲ. ಆದರೆ ಅಕ್ಕಲಕೋಟೆ ಸ್ವಾಮಿ ಸಮರ್ಥರ ದರ್ಶನಕ್ಕೆ, ಪಂಢರಪುರ, ತುಳಜಾಪುರಕ್ಕೆ ಕರಾವಳಿಯಿಂದ ಬರುವವರಿದ್ದಾರೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರಿಗೆ ಈ ಕಡೆಯಿಂದ ಹೋಗುವವರಿದ್ದಾರೆ. ಸೊಲ್ಲಾಪುರದ ಚಾದರ, ಟವೆಲಿನ ವ್ಯಾಪಾರಿಗಳಿದ್ದಾರೆ, ವಿದ್ಯಾರ್ಥಿಗಳಿದ್ದಾರೆ. ಯಾತ್ರಿಕರು ಗುಂಪಾಗಿ, ಕಡಿಮೆ ಖರ್ಚಿನಲ್ಲಿ ಹೋಗುವವರು ಎಂಬುದನ್ನೂ ಮರೆಯುವಂತಿಲ್ಲ. ಎಷ್ಟು ಜನ ವಿಮಾನ ಹತ್ತುತ್ತಾರೆ ಎಂದು ಯಾರೂ ಎಣಿಸಿಲ್ಲ, ಎಣಿಸದ ಪ್ರಯಾಣಿಕನಿಗೆ ಯಾವ ಕಂಪನಿಯೂ ವಿಮಾನ ಬಿಡುವುದಿಲ್ಲ.

ಆದ್ದರಿಂದ ಬೇಡಿಕೆಯನ್ನು ಮೂರು ಹಂತದಲ್ಲಿ ಇಡುವುದು ಉಚಿತವೆಂದು ನನಗೆ ತೋರುತ್ತದೆ.

ಮೊದಲನೆಯದು ರೈಲು. ವಿಜಯಪುರ–ಮಂಗಳೂರು ರೈಲನ್ನು ಹೊಟಗಿ ಮೂಲಕ ಸೊಲ್ಲಾಪುರದವರೆಗೆ ವಿಸ್ತರಿಸಬೇಕು. ಹಳಿ ಈಗಾಗಲೇ ಇದೆ. ದೂರ ನೂರು ಕಿ.ಮೀ. ಚಿಲ್ಲರೆ. ಹಿಂದೆ ಮೈಸೂರು–ಸೊಲ್ಲಾಪುರ ನಡುವೆ ಇದೇ ಹಳಿಯ ಮೇಲೆ ಓಡುತ್ತಿದ್ದ ಗೋಲಗುಂಬಜ್ ಎಕ್ಸ್‌ಪ್ರೆಸ್ಸನ್ನು ಪಂಢರಪುರದವರೆಗೆ ವಿಸ್ತರಿಸಿದ್ದಾರೆ. ಹಾಗಿದ್ದ ಮೇಲೆ ಇದೂ ಆಗದ ಕೆಲಸವಲ್ಲ. ಸಮಯ ಬಹಳ ಉಳಿಯುವುದಿಲ್ಲ, ನಿಜ. ಆದರೆ ವಯಸ್ಸಾದವರು ಗಂಟುಮೂಟೆ ಹಿಡಿದು ವಿಜಯಪುರದಲ್ಲಿ ಇಳಿದು ಹತ್ತುವುದು ತಪ್ಪುತ್ತದೆ.

ಎರಡನೆಯದು ಕೊಂಡಿ. ಸೊಲ್ಲಾಪುರದ ವಿಮಾನ ಯಾವ ದೊಡ್ಡ ನಿಲ್ದಾಣಕ್ಕೆ ಹೋದರೂ ಅಲ್ಲಿಂದ ಮಂಗಳೂರಿಗೆ ಅದೇ ದಿನ, ಒಂದೇ ಟಿಕೆಟ್ಟಿನಲ್ಲಿ, ಸಾಮಾನು ಬಿಡಿಸಿಕೊಳ್ಳುವ ತಾಪತ್ರಯವಿಲ್ಲದೆ ಮುಂದಿನ ವಿಮಾನ ಸಿಗುವಂತೆ ಕಂಪನಿಗಳು ಹೊಂದಾಣಿಕೆ ಮಾಡಿಕೊಳ್ಳಬೇಕು. ಇದಕ್ಕೆ ಹೊಸ ವಿಮಾನ ಬೇಡ, ಸರ್ಕಾರದ ಹಣವೂ ಬೇಡ.

ಮೂರನೆಯದು ನೇರ ವಿಮಾನ. ಇದಕ್ಕೆ ಸೊಲ್ಲಾಪುರ, ದಕ್ಷಿಣ ಕನ್ನಡ, ಕಾಸರಗೋಡು ಮೂರೂ ಕ್ಷೇತ್ರಗಳ ಸಂಸದರು ಸೇರಿ ಒಂದೇ ಮನವಿ ಕೊಡಬೇಕು. ಬೇರೆ ಬೇರೆ ಪಕ್ಷ, ಬೇರೆ ಬೇರೆ ರಾಜ್ಯ ಎಂಬುದು ಇಲ್ಲಿ ಅಡ್ಡ ಬರಬಾರದು. ಅವರ ಕೈಗೆ ನಾವು ಭಾವನೆಯ ಪತ್ರ ಕೊಟ್ಟರೆ ಸ್ವೀಕರಿಸಿ ಕಪಾಟಿನಲ್ಲಿಡುತ್ತಾರೆ, ಅಂಕಿ ಕೊಟ್ಟರೆ ಸಚಿವಾಲಯದಲ್ಲಿ ತೋರಿಸುತ್ತಾರೆ.

ಆ ಅಂಕಿ ನಮ್ಮಲ್ಲೇ ಇದೆ. ಇನ್ನು ಮುಂದೆ ಗಡಿಯೂರಿನಿಂದ ಗಡಿಯೂರಿಗೆ ಹೋಗುವ ಪ್ರತಿ ಸದಸ್ಯರೂ ಒಂದು ಚೀಟಿ ಬರೆದಿಡಿ: ಹೊರಟ ಊರು, ತಲುಪಿದ ಊರು, ದಿನಾಂಕ, ಮನೆ ಬಿಟ್ಟ ಸಮಯ, ಮನೆ ಮುಟ್ಟಿದ ಸಮಯ, ಎಷ್ಟು ಕಡೆ ಬದಲಿಸಿದಿರಿ, ಒಟ್ಟು ಖರ್ಚು, ಹೋದ ಕಾರಣ. ಹೆಸರು ಬೇಕಿಲ್ಲ. ಸೊಲ್ಲಾಪುರ–ಕಾಸರಗೋಡು ದಾರಿಯವರಷ್ಟೇ ಅಲ್ಲ, ಆದೋನಿ, ಮಡಕಶಿರಾ, ವಯನಾಡು, ನೀಲಗಿರಿಯವರೂ ಬರೆಯಿರಿ. ನಿಮ್ಮ ದಾರಿಯ ಕತೆಯೂ ಬೇರೆಯಲ್ಲ. ತಿಂಗಳ ಕೊನೆಗೆ ನಿಮ್ಮ ಘಟಕದ ಪ್ರತಿನಿಧಿಗಳಿಗೆ ತಲುಪಿಸಿ. ವರ್ಷದ ಚೀಟಿಗಳನ್ನು ಕೂಡಿಸಿ, ಊರುವಾರು ಪಟ್ಟಿ ಮಾಡಿ, ಕಾರ್ಯಕಾರಿ ಸಮಿತಿಯ ಮುಂದೆ ಇಡುವ ಕೆಲಸ ನನ್ನದು.

ಅಲ್ಲಿಯವರೆಗೆ ಯಾರಾದರೂ "ವಿಮಾನದಲ್ಲಿ ಎಷ್ಟು ಹೊತ್ತು?" ಎಂದು ಕೇಳಿದರೆ ಮೊಬೈಲಿನ ಅಂಕಿಯನ್ನು ಹೇಳಬೇಡಿ. ನೀವೇ ಹೋಗಿಬಂದ ಲೆಕ್ಕವನ್ನು ಹೇಳಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ